ಒಳಗೆ ಹೋದದ್ದೆಲ್ಲ ಕೂತಂತಲ್ಲ: ವಿಚಿತ್ರ ತಲೆಯ ಎಂಜಿನ್ ಬೋಲ್ಟ್‌ಗೆ ಸಾಕೆಟ್ ಆರಿಸುವ ಬಗೆ

ಎಂಜಿನ್ ಇಳಿಸುವ ಕೆಲಸವಿತ್ತು. ಅದಕ್ಕೂ ಮೊದಲು ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಬಿಚ್ಚಬೇಕು. ಕಾರಿನ ಅಡಿಯಲ್ಲಿ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಜಾಯಿಂಟಿನ ಸುತ್ತ ಆರು ಬೋಲ್ಟ್. ತಲೆಯ ಗುಳಿಯೊಳಗೆ ಗ್ರೀಸು, ಧೂಳು ಸೇರಿ ಗಟ್ಟಿಯಾಗಿ ಕೂತಿತ್ತು. ಅಂಚು ಮಾತ್ರ ಹಲ್ಲುಹಲ್ಲಾಗಿ ಕಾಣುತ್ತಿತ್ತು. ಸ್ಟಾರ್, ಅಂದರೆ ಆರು ಎಸಳಿನ ಗುಳಿ ಇರಬೇಕು ಅಂದುಕೊಂಡೆ. ಒಂದು ಸ್ಟಾರ್ ಬಿಟ್ ಹಾಕಿದೆ, ಒಳಗೆ ಹೋಯಿತು. ಮೊದಲನೇ ಬೋಲ್ಟ್ ಬಂತು. ಎರಡನೆಯದಕ್ಕೆ ಹ್ಯಾಂಡಲ್ ಎಳೆದೆ, ಕರಕ್ ಅಂತ ಸದ್ದಾಯಿತು. ಬೋಲ್ಟ್ ಅಲ್ಲಾಡಿರಲಿಲ್ಲ. ಬಿಟ್ ಮಾತ್ರ ತಿರುಗಿತ್ತು.

ಆಮೇಲೆ ಸೂಜಿ ತಗೊಂಡು ಮೂರನೇ ಬೋಲ್ಟಿನ ಗುಳಿ ಕೆರೆದೆ. ಹಲ್ಲು ಎಣಿಸಿದೆ. ಆರಲ್ಲ, ಹನ್ನೆರಡು. ಸ್ಟಾರ್ ಅಲ್ಲವೇ ಅಲ್ಲ, ಅದು ಟ್ರಿಪಲ್ ಸ್ಕ್ವೇರ್.

ಒಂದು ಸಾಕೆಟ್ (ತಲೆಯನ್ನು ಹೊರಗಿನಿಂದ ಹಿಡಿಯುವ ಬಟ್ಟಲು) ಅಥವಾ ಬಿಟ್ (ತಲೆಯ ಗುಳಿಯೊಳಗೆ ಹೋಗುವ ತುಂಡು) ಬೋಲ್ಟಿಗೆ ಹೋಗುವುದು ಬೇರೆ, ಕೂರುವುದು ಬೇರೆ. ಹೋಗುವಂಥವು ಒಂದೊಂದು ತಲೆಗೂ ಮೂರು ನಾಲ್ಕು ಸಿಗುತ್ತವೆ. ಕೂರುವುದು ಸಾಮಾನ್ಯವಾಗಿ ಒಂದೇ. ಕೆಳಗೆ ನಾನು ಒಂದಕ್ಕೊಂದು ಹೋಲಿಸಿ ಬರೆದದ್ದೆಲ್ಲ ಈ ವ್ಯತ್ಯಾಸ ಹಿಡಿಯುವುದಕ್ಕೇ.

ಮೊದಲು ಕೆರೆಯಿರಿ, ಆಮೇಲೆ ಎಣಿಸಿ

ಟೂಲ್ ಬಾಕ್ಸ್ ತೆರೆಯುವ ಮೊದಲು ಬೋಲ್ಟಿನ ತಲೆ ಶುಚಿ ಮಾಡಿ. ಸೂಜಿ ಅಥವಾ ಚೂಪಾದ ತಂತಿಯಿಂದ ಕೆರೆದು, ಬ್ರೇಕ್ ಕ್ಲೀನರ್ ಹೊಡೆದು, ಗಾಳಿ ಊದಿ. ಗುಳಿಯ ತಳದಲ್ಲಿ ಎರಡು ಮಿ.ಮೀ. ಕೊಳೆ ಉಳಿದರೂ ಬಿಟ್ ಅಷ್ಟು ಮೇಲೆ ನಿಲ್ಲುತ್ತದೆ. ಹಿಡಿತ ಅಷ್ಟು ಕಮ್ಮಿಯಾಗುತ್ತದೆ. ಸರಿಯಾದ ಬಿಟ್ ಹಾಕಿಯೂ ತಲೆ ಹಾಳು ಮಾಡಿಕೊಂಡವರ ಕಥೆ ಜಾಸ್ತಿ ಇಲ್ಲೇ ಶುರುವಾಗುತ್ತದೆ.

ಆಮೇಲೆ ಮೂರು ಪ್ರಶ್ನೆ. ಹಿಡಿಯುವುದು ಹೊರಗಿನಿಂದಲೋ ಒಳಗಿನಿಂದಲೋ? ಮೂಲೆ ಎಷ್ಟು? ಮೂಲೆ ಚೂಪೋ, ಹೂವಿನ ಎಸಳಿನ ಹಾಗೆ ದುಂಡೋ, ಗೇರಿನ ಹಲ್ಲಿನ ಹಾಗೆ ಚಪ್ಪಟೆಯೋ?

ಕಣ್ಣಿಗೆ ಸಿಗದ ಜಾಗದಲ್ಲಿದ್ದರೆ ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ಫೋಟೋ ತೆಗೆಯಿರಿ. ಅದಕ್ಕೂ ಜಾಗವಿಲ್ಲದಿದ್ದರೆ ಸ್ವಲ್ಪ ಮೆತ್ತಗಿನ ಮೇಣ ಗುಳಿಯೊಳಗೆ ಒತ್ತಿ ಹೊರಗೆ ತೆಗೆಯಿರಿ. ಅಚ್ಚು ಕೈಗೇ ಬರುತ್ತದೆ. ವರ್ನಿಯರ್ ಇಟ್ಟು ಅಳೆಯಲೂಬಹುದು. ಸುಮ್ನೆ ಕತ್ತಲಲ್ಲಿ ಒಂದೊಂದೇ ಬಿಟ್ ಚುಚ್ಚಿ ನೋಡುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಆರು ಮೂಲೆಯ ತಲೆಗೆ ಆರೋ ಹನ್ನೆರಡೋ

ಮಾಮೂಲಿ ಬೋಲ್ಟಿನಿಂದಲೇ ಶುರು ಮಾಡೋಣ. ಯಾಕೆಂದರೆ ಗೊಂದಲ ಹುಟ್ಟುವುದೂ ಇಲ್ಲೇ.

ಹನ್ನೆರಡು ಪಾಯಿಂಟಿನ, ಅಂದರೆ ಬಾಯೊಳಗೆ ಹನ್ನೆರಡು ಮೂಲೆ ಇರುವ ಸಾಕೆಟ್ ಮಾಮೂಲಿ ಆರು ಮೂಲೆಯ ಬೋಲ್ಟಿಗೂ ಹೋಗುತ್ತದೆ. 30 ಡಿಗ್ರಿಗೊಮ್ಮೆ ಹಿಡಿಯುತ್ತದೆ. ಆರು ಪಾಯಿಂಟಿನದಕ್ಕೆ 60 ಡಿಗ್ರಿ ಬೇಕು. ಇಕ್ಕಟ್ಟಿನಲ್ಲಿ ರಿಂಗ್ ಸ್ಪ್ಯಾನರ್ ಹಾಕುವಾಗ ಇದು ದೊಡ್ಡ ಅನುಕೂಲ. ಆದರೆ ರ‍್ಯಾಚೆಟ್ ಹ್ಯಾಂಡಲ್ ಇದ್ದಾಗ ಆ ಅನುಕೂಲಕ್ಕೆ ಅರ್ಥವೇ ಇಲ್ಲ. ರ‍್ಯಾಚೆಟ್ ಕೆಲವೇ ಡಿಗ್ರಿಗೆ ಹಲ್ಲು ಹಿಡಿಯುತ್ತದಲ್ಲ.

ಹನ್ನೆರಡು ಪಾಯಿಂಟಿನ ಸಾಕೆಟ್ ಬೋಲ್ಟನ್ನು ಮೂಲೆಯ ಹತ್ತಿರ ಹಿಡಿಯುತ್ತದೆ. ಆರು ಪಾಯಿಂಟಿನದು ಪಕ್ಕದ ಚಪ್ಪಟೆ ಭಾಗವನ್ನು ಜಾಸ್ತಿ ಆವರಿಸುತ್ತದೆ. ತುಕ್ಕು ಹಿಡಿದ, ಮೂಲೆ ಸವೆದ ಬೋಲ್ಟಿಗೆ ಈ ವ್ಯತ್ಯಾಸವೇ ಎಲ್ಲ. ಹಾಗಾಗಿ ಆರು ಮೂಲೆಯ ತಲೆಗೆ ಆರು ಪಾಯಿಂಟಿನ ಸಾಕೆಟ್ ಅಂತ ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಈಗಿನ ಒಳ್ಳೆಯ ಸಾಕೆಟ್‌ಗಳಲ್ಲಿ ಮೂಲೆಯನ್ನು ಕೊಂಚ ದುಂಡಗೆ ಕೊರೆದಿರುತ್ತಾರೆ. ತಿರುಗಿಸುವ ಬಲ ಮೂಲೆಗೆ ಬೀಳದೆ ಪಕ್ಕಕ್ಕೆ ಬೀಳಲಿ ಅಂತ. ಸ್ನ್ಯಾಪ್-ಆನ್ ಕಂಪನಿ ಇದನ್ನು ಫ್ಲ್ಯಾಂಕ್ ಡ್ರೈವ್ ಅನ್ನುತ್ತದೆ. ಬೇರೆಯವರೂ ಬೇರೆ ಬೇರೆ ಹೆಸರಿನಲ್ಲಿ ಇದನ್ನೇ ಮಾಡುತ್ತಾರೆ. ಹೆಸರು ಏನೇ ಇರಲಿ, ಸಾಕೆಟ್ಟಿನ ಬಾಯೊಳಗೆ ನೋಡಿದರೆ ಮೂಲೆಯ ಆಕಾರ ಗೊತ್ತಾಗುತ್ತದೆ.

ಅಳತೆಯಲ್ಲಿ ಇನ್ನೊಂದು ಬಲೆ ಇದೆ. ಒಂದೇ ಥ್ರೆಡ್ಡಿಗೆ ಬೇರೆ ಬೇರೆ ತಲೆ ಇರುತ್ತದೆ. ಜಪಾನಿನ ವಾಹನದಲ್ಲಿ ಎಂ8, ಅಂದರೆ 8 ಮಿ.ಮೀ. ಥ್ರೆಡ್ಡಿನ ಬೋಲ್ಟಿನ ತಲೆ ಸಾಮಾನ್ಯವಾಗಿ 12 ಮಿ.ಮೀ. ಯುರೋಪಿನದರಲ್ಲಿ 13. ಎಂ10 ಆದರೆ ಜಪಾನಿನಲ್ಲಿ 14, ಯುರೋಪಿನಲ್ಲಿ 16 ಅಥವಾ ಹಳೆಯದಾದರೆ 17. ಹಾಗಾಗಿ ಥ್ರೆಡ್ ನೋಡಿ ಸಾಕೆಟ್ ಊಹಿಸಬೇಡಿ.

ಇಂಚಿನ ಸಾಕೆಟ್‌ಗಳೂ ಹೀಗೇ ಮೋಸ ಮಾಡುತ್ತವೆ. 5/16 ಇಂಚು ಅಂದರೆ 7.94 ಮಿ.ಮೀ. 3/4 ಇಂಚು ಅಂದರೆ 19.05. ಇವನ್ನು 8 ಮತ್ತು 19 ಮಿ.ಮೀ.ಗೆ ಅದಲು ಬದಲು ಮಾಡಿದರೂ ಅನಾಹುತವಿಲ್ಲ. ಆದರೆ 1/2 ಇಂಚಿನ ತಲೆ 12.7 ಮಿ.ಮೀ. ಅದಕ್ಕೆ 13ರ ಸಾಕೆಟ್ ಹಾಕಿದರೆ 0.3 ಮಿ.ಮೀ. ಆಟ ಉಳಿಯುತ್ತದೆ. ಗಟ್ಟಿ ಬೋಲ್ಟಿನ ಮೂಲೆ ಸುತ್ತಲು ಅಷ್ಟು ಸಾಕು.

ಹಳೆಯ ಬ್ರಿಟಿಷ್ ಎಂಜಿನ್ ಮುಟ್ಟುವವರಿಗೆ ಅಲ್ಲಿನ ವಿಟ್‌ವರ್ತ್ ಅನ್ನುವ ಥ್ರೆಡ್ ಅಳತೆ ಬೇರೆಯೇ ಲೋಕ. ಅದರ ಸಾಕೆಟ್ ಮೇಲೆ ಬರೆದಿರುವುದು ತಲೆಯ ಅಳತೆಯಲ್ಲ, ಬೋಲ್ಟಿನ ದಪ್ಪ. 1/4 ವಿಟ್‌ವರ್ತ್ ಸಾಕೆಟ್ಟಿನ ಬಾಯಿ 0.525 ಇಂಚು, ಅಂದರೆ ಸುಮಾರು 13.3 ಮಿ.ಮೀ. 13 ಹೋಗುವುದಿಲ್ಲ, 14 ಸಡಿಲ. ಇಂಥ ಎಂಜಿನ್ ಮನೆಯಲ್ಲಿದ್ದರೆ ಅದಕ್ಕೆಂದೇ ಒಂದು ಸೆಟ್ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ತಲೆಗೇ ಹನ್ನೆರಡು ಮೂಲೆ ಇದ್ದಾಗ

ಇಲ್ಲಿ ಮೇಲಿನ ಮಾತು ತಲೆಕೆಳಗಾಗುತ್ತದೆ. ಕನೆಕ್ಟಿಂಗ್ ರಾಡ್ ಬೋಲ್ಟ್, ರೇಸಿಂಗ್ ಎಂಜಿನ್ನಿನ ಹೆಡ್ (ಎಂಜಿನ್ನಿನ ಮೇಲ್ಭಾಗ) ಹಿಡಿಯುವ ಸ್ಟಡ್ ನಟ್, ಕೆಲವು ಕಾರಿನ ಡ್ರೈವ್ ಶಾಫ್ಟ್ ತುದಿಯ ಬೋಲ್ಟ್, ಇವುಗಳಲ್ಲಿ ಹೊರಗಿನ ತಲೆಗೇ ಹನ್ನೆರಡು ಮೂಲೆ ಇರುತ್ತದೆ. ಎಆರ್‌ಪಿ ಕಂಪನಿಯ ಥರದ ರೇಸಿಂಗ್ ಬೋಲ್ಟುಗಳಲ್ಲಿ ಇದು ತೀರಾ ಸಾಮಾನ್ಯ. ತಲೆ ಚಿಕ್ಕದಾಗಿದ್ದರೂ ಹಿಡಿತ ಜಾಸ್ತಿ ಸಿಗುತ್ತದೆ. ಸುತ್ತ ಜಾಗ ಕಮ್ಮಿ ಇರುವಲ್ಲಿ ಇದೇ ಅನುಕೂಲ.

ಇದಕ್ಕೆ ಆರು ಪಾಯಿಂಟಿನ ಸಾಕೆಟ್ ಅದೇ ಅಳತೆಯದ್ದು ಹೋಗುವುದೇ ಇಲ್ಲ. ಎರಡು ಷಟ್ಕೋನ ಒಂದರ ಮೇಲೊಂದು ತಿರುಗಿಸಿ ಇಟ್ಟ ಆಕಾರ ಅದು. ಉಳಿದ ಆರು ಮೂಲೆ ಸಾಕೆಟ್ಟಿನ ಗೋಡೆಗೆ ತಾಗುತ್ತವೆ. ಒಂದು ಅಳತೆ ದೊಡ್ಡದು ಹಾಕಿದರೆ ಹೋಗಬಹುದು, ಆದರೆ ಕೂರುವುದಿಲ್ಲ. ಆರು ಪಾಯಿಂಟೇ ಮೇಲು ಅಂತ ಹನ್ನೆರಡರ ಸೆಟ್ಟನ್ನು ಯಾರಿಗೋ ಕೊಟ್ಟುಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ನಾನೂ ಒಬ್ಬ.

ಸ್ಪಾರ್ಕ್ ಪ್ಲಗ್ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಪ್ಲಗ್‌ಗಳಿಗೆ 21 ಮಿ.ಮೀ., ಆಮೇಲಿನವಕ್ಕೆ 16, ಎರಡೂ ಆರು ಮೂಲೆ. ಆದರೆ ಬಿಎಂಡಬ್ಲ್ಯು, ಮಿನಿ ಮುಂತಾದ ಕೆಲವು ಎಂಜಿನ್‌ಗಳಲ್ಲಿ 14 ಮಿ.ಮೀ.ನ ಹನ್ನೆರಡು ಮೂಲೆಯ ಪ್ಲಗ್ ಬರುತ್ತದೆ. ಪ್ಲಗ್ಗಿನ ಬಾವಿ ಕಿರಿದು. ಹಾಗಾಗಿ ತೆಳು ಗೋಡೆಯ ಹನ್ನೆರಡು ಪಾಯಿಂಟಿನ ಸಾಕೆಟ್ಟೇ ಬೇಕು. ನಿಮ್ಮ ಹತ್ತಿರ ಇರುವ ದಪ್ಪ 14ರ ಡೀಪ್ ಸಾಕೆಟ್ ಹನ್ನೆರಡು ಪಾಯಿಂಟಿನದೇ ಆಗಿದ್ದರೂ ಬಾವಿಗೆ ಇಳಿಯದೆ ಹೋಗಬಹುದು.

ಹೊರಗಿನ ಸ್ಟಾರ್

ಟಾರ್ಕ್ಸ್ ಅನ್ನುವ ಹೆಸರೇ ಒಂದು ತಲೆನೋವು. ಬಲ ಅಳೆಯುವ ಟಾರ್ಕ್ ಬೇರೆ, ತಲೆಯ ಆಕಾರದ ಟಾರ್ಕ್ಸ್ ಬೇರೆ. ಎಲ್ಲರೂ ಸ್ಟಾರ್ ಅಂತಲೇ ಕರೆಯುವುದರಿಂದ ನಾನೂ ಹಾಗೇ ಬರೆಯುತ್ತೇನೆ. ಅಮೆರಿಕದ ಕ್ಯಾಮ್‌ಕಾರ್ ಕಂಪನಿ 1967ರಲ್ಲಿ ತಂದ ಆಕಾರ ಇದು. ಆರು ಎಸಳು, ಎಲ್ಲವೂ ದುಂಡು.

ಒಳಗೆ ಹೋಗುವ ಬಿಟ್‌ಗೆ ಟಿ ಸಂಖ್ಯೆ, ಹೊರಗಿನಿಂದ ಹಿಡಿಯುವ ಸಾಕೆಟ್‌ಗೆ ಇ ಸಂಖ್ಯೆ. ಇವೆರಡಕ್ಕೂ ಹೊಂದಾಣಿಕೆ ಇಲ್ಲ. ಇ4 ಸಾಕೆಟ್ಟಿನ ಆಕಾರ ಟಿ20 ಬಿಟ್ಟಿನದು. ಟಿ10ಕ್ಕೂ ಇ10ಕ್ಕೂ ಹೆಸರು ಬಿಟ್ಟರೆ ಸಂಬಂಧವೇ ಇಲ್ಲ. ಇ ಸಂಖ್ಯೆ ಮಿಲಿಮೀಟರೂ ಅಲ್ಲ. ಇ10ರ ತಲೆ ಎಸಳಿನ ತುದಿಯಿಂದ ತುದಿಗೆ ಸುಮಾರು 9.4 ಮಿ.ಮೀ., ಇ12 ಸುಮಾರು 11.1, ಇ14 ಸುಮಾರು 12.8.

ಬಿಎಂಡಬ್ಲ್ಯು ಕಾರಿನ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಹಿಡಿಯುವ ಬೋಲ್ಟುಗಳು ಬಹಳ ಕಡೆ ಇ ತಲೆಯವು. ಮೇಲಿನ ಎರಡು ಬೋಲ್ಟಿಗೆ ಕೈ ಹೋಗುವುದಿಲ್ಲ. ಉದ್ದ ಎಕ್ಸ್‌ಟೆನ್ಷನ್, ತುದಿಯಲ್ಲಿ ಜಾಯಿಂಟ್, ಅದಕ್ಕೆ ಇ ಸಾಕೆಟ್. ಅಷ್ಟು ದೂರದಿಂದ ಸಾಕೆಟ್ ಪೂರ್ತಿ ಕೂತಿದೆಯಾ ಅಂತ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಇಂಥ ಕಡೆ ಇ ಸಾಕೆಟ್ ಬಿಟ್ಟು ಬೇರೇನನ್ನೂ ಹಾಕಬೇಡಿ.

ಯಾಕೆ ಈ ಎಚ್ಚರಿಕೆ ಅಂದರೆ, ಹನ್ನೆರಡು ಪಾಯಿಂಟಿನ ಮಾಮೂಲಿ ಸಾಕೆಟ್ ಇ ತಲೆಗೆ ಹತ್ತಿರ ಹತ್ತಿರ ಹೋಗುತ್ತದೆ. ತುಂಬಾ ಜನ ಹಾಕುತ್ತಾರೆ, ಸಣ್ಣ ಬೋಲ್ಟಿಗೆ ಕೆಲಸವೂ ಆಗುತ್ತದೆ. ಆದರೆ ಎಸಳು ದುಂಡು, ಸಾಕೆಟ್ಟಿನ ಗೆರೆ ಚೂಪು. ತಾಗುವುದು ಒಂದು ಗೆರೆಯಷ್ಟೇ. ಬಿಎಂಡಬ್ಲ್ಯುವಿನ ಎನ್52 ಎಂಜಿನ್ ನೋಡಿ. ಅದರ ಕ್ರ್ಯಾಂಕ್‌ಕೇಸಿನಲ್ಲಿ ಮೆಗ್ನೀಸಿಯಂ ಇದೆ. ಅದಕ್ಕಾಗಿ ಅಲ್ಯೂಮಿನಿಯಂ ಬೋಲ್ಟ್ ಹಾಕಿದ್ದಾರೆ, ತಲೆ ಇ ಆಕಾರದ್ದು. ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವ ಹಾಗಿಲ್ಲ, ಹೊಸದೇ ಬೇಕು. ಅಂಥ ಮೆತ್ತಗಿನ ತಲೆಗೆ ಹನ್ನೆರಡು ಪಾಯಿಂಟ್ ಹಾಕಿ ಎಳೆದರೆ ಎಸಳು ಉಳಿಯುತ್ತದೆಯೇ?

ಗುಳಿಯೊಳಗೆ ಹೋಗುವ ನಾಲ್ಕು ಅಣ್ಣತಮ್ಮಂದಿರು

ಅಲೆನ್, ಸ್ಟಾರ್, ಟ್ರಿಪಲ್ ಸ್ಕ್ವೇರ್, ರೀಬೆ. ನಿಜವಾದ ಗೊಂದಲ ಈ ನಾಲ್ಕರಲ್ಲೇ. ಕೊಳೆ ತುಂಬಿದ ಗುಳಿಯಲ್ಲಿ ನಾಲ್ಕೂ ಒಂದೇ ಥರ ಕಾಣುತ್ತವೆ.

ಅಲೆನ್ ಎಲ್ಲರಿಗೂ ಗೊತ್ತು. ಆರು ಚಪ್ಪಟೆ ಗೋಡೆ, ಅಷ್ಟೇ. ಗಟ್ಟಿ ಬೋಲ್ಟಿಗೆ ಗುಂಡು ತುದಿಯ ಅಲೆನ್ ಹಾಕಬೇಡಿ. ಅದು ಓರೆಯಾಗಿ ತಿರುಗಿಸಲು ಮಾಡಿದ್ದು, ಕುತ್ತಿಗೆ ಸಣ್ಣ, ಮುರಿಯುತ್ತದೆ. ಮುರಿದ ತುಂಡು ಗುಳಿಯೊಳಗೇ ಉಳಿದರೆ ಒಂದು ಸಮಸ್ಯೆ ಎರಡಾಗುತ್ತದೆ.

ಸ್ಟಾರ್ ಮತ್ತು ಅಲೆನ್ ನಡುವೆ ಒಂದು ಸೂಕ್ಷ್ಮ ಇದೆ. 5 ಮಿ.ಮೀ. ಅಲೆನ್ ಗುಳಿ ಮೂಲೆಯಿಂದ ಮೂಲೆಗೆ ಸುಮಾರು 5.8 ಮಿ.ಮೀ. ಟಿ30 ಬಿಟ್ ತುದಿಯಿಂದ ತುದಿಗೆ ಸುಮಾರು 5.6. ಹಾಗಾಗಿ ಟಿ30 ಬಿಟ್ 5ರ ಅಲೆನ್ ಗುಳಿಯೊಳಗೆ ಆರಾಮಾಗಿ ಹೋಗುತ್ತದೆ. 6ರ ಅಲೆನ್‌ಗೆ ಟಿ40, 8ಕ್ಕೆ ಟಿ50, ಎಲ್ಲ ಇದೇ ಕಥೆ. ಹೋಗುತ್ತದೆ, ತಿರುಗುತ್ತದೆ, ಬಲ ಹೆಚ್ಚಾದಾಗ ಮೂಲೆ ಕೆರೆದು ಹಾಕುತ್ತದೆ. ಈ ಜೋಡಿಗಳನ್ನು ನೆನಪಿಡಿ, ಮುಂದೆ ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತವೆ.

ಸ್ಟಾರ್ ಒಳಗೇ ಅಳತೆ ತಪ್ಪುವುದೂ ಉಂಟು. ಟಿ25, ಟಿ27, ಟಿ30 ಕಣ್ಣಿಗೆ ಒಂದೇ. ಟಿ27ಕ್ಕೆ ಟಿ25 ಹೋಗುತ್ತದೆ, ಅರ್ಧ ಮಿ.ಮೀ.ನಷ್ಟು ಆಟ ಇರುತ್ತದೆ. ನನ್ನ ನಿಯಮ ಇಷ್ಟೇ: ಮೊದಲು ದೊಡ್ಡದು ಇಟ್ಟು ನೋಡಿ, ಹೋಗದಿದ್ದರೆ ಒಂದು ಅಳತೆ ಕೆಳಗೆ. ಚಿಕ್ಕದರಿಂದ ಶುರು ಮಾಡಿದರೆ ಹೋದ ಮೊದಲನೆಯದಕ್ಕೇ ಕೈ ನಿಲ್ಲುತ್ತದೆ.

ಟಾರ್ಕ್ಸ್ ಪ್ಲಸ್ ಅಂತ ಇನ್ನೊಂದಿದೆ. ಎಸಳು ಸ್ವಲ್ಪ ಚೌಕ ಚೌಕ. ಬಿಟ್ ಮೇಲೆ ಐಪಿ ಅಂತ ಬರೆದಿರುತ್ತದೆ. ಮಾಮೂಲಿ ಟಿ ಬಿಟ್ ಇದರ ಗುಳಿಗೆ ಹೋಗುತ್ತದೆ, ಸಡಿಲವಾಗಿ. ಐಪಿ ಬಿಟ್ ಮಾತ್ರ ಮಾಮೂಲಿ ಸ್ಟಾರ್ ಗುಳಿಗೆ ಹೋಗುವುದಿಲ್ಲ. ಟಿ ಬಿಟ್ ಯಾಕೋ ಎಂದಿಗಿಂತ ಜಾಸ್ತಿ ಅಲ್ಲಾಡುತ್ತಿದೆ ಅನಿಸಿದರೆ ಇದೇ ಇರಬಹುದು. ಗುಳಿಯ ನಡುವೆ ಸಣ್ಣ ಗೂಟ ಇದ್ದರೆ ತೂತಿರುವ ಬಿಟ್ ಬೇಕು. ಅದು ಕಳ್ಳರಿಗೆ, ಕುತೂಹಲದವರಿಗೆ ಹಾಕಿದ ಬೇಲಿ.

ಇನ್ನು ಟ್ರಿಪಲ್ ಸ್ಕ್ವೇರ್. ಎಕ್ಸ್‌ಜೆಡ್‌ಎನ್ ಅಂತಲೂ ಕರೆಯುತ್ತಾರೆ, ಸುಮ್ನೆ ಸ್ಪ್ಲೈನ್ ಅನ್ನುವವರೂ ಇದ್ದಾರೆ. ಮೂರು ಚೌಕವನ್ನು 30 ಡಿಗ್ರಿಯಂತೆ ತಿರುಗಿಸಿ ಒಂದರ ಮೇಲೊಂದು ಇಟ್ಟರೆ ಬರುವ ಆಕಾರ. ಹನ್ನೆರಡು ಮೂಲೆ, ಪ್ರತಿ ಮೂಲೆಯೂ 90 ಡಿಗ್ರಿ. ಹೊರಗಿನ ಹನ್ನೆರಡು ಮೂಲೆಯ ತಲೆಯಲ್ಲಿ ಮೂಲೆ 120 ಡಿಗ್ರಿ ಇರುತ್ತದೆ. ಹಾಗಾಗಿ ಇವೆರಡೂ ಹನ್ನೆರಡೇ ಆದರೂ ಇದು ಚೂಪು. ಫೋಕ್ಸ್‌ವ್ಯಾಗನ್, ಆಡಿ ಕಾರುಗಳಲ್ಲಿ ಹೆಡ್ ಬೋಲ್ಟಿನಿಂದ ಹಿಡಿದು ಡ್ರೈವ್ ಶಾಫ್ಟ್ ಜಾಯಿಂಟಿನವರೆಗೆ ಹಲವು ಕಡೆ ಇದು ಸಿಗುತ್ತದೆ. ಎಂ8, ಎಂ10, ಎಂ12 ಹೆಚ್ಚು ಬೇಕಾಗುವ ಅಳತೆ.

ಇದಕ್ಕೆ ಸ್ಟಾರ್ ಬಿಟ್ ಹಾಕಿದರೆ ಏನಾಗುತ್ತದೆ? ಹನ್ನೆರಡು ಮೂಲೆಯಲ್ಲಿ ಆರಕ್ಕೆ ಮಾತ್ರ ಎಸಳು ತಾಗುತ್ತದೆ, ಅದೂ ತುದಿಗೆ. ಹಲ್ಲುಗಳು ಸಣ್ಣವು, ಒಂದು ಸಲ ಬೋಳಾದರೆ ಸರಿಯಾದ ಬಿಟ್ ತಂದರೂ ಹಿಡಿಯುವುದಿಲ್ಲ. ಅಲೆನ್ ಗುಳಿ ಸ್ವಲ್ಪ ಕೆಟ್ಟರೂ ಎರಡನೇ ಅವಕಾಶ ಕೊಡುತ್ತದೆ. ಟ್ರಿಪಲ್ ಸ್ಕ್ವೇರ್ ಕೊಡುವುದಿಲ್ಲ. ಸರಿಯಾದ ಬಿಟ್ ಇದ್ದರೂ ಪೂರ್ತಿ ತಳ ಮುಟ್ಟಬೇಕು. ಗುಳಿ ಶುಚಿ ಮಾಡಿ, ಬಿಟ್ ಇಟ್ಟು, ಸುತ್ತಿಗೆಯಿಂದ ಹಗುರವಾಗಿ ಒಂದೆರಡು ಸಲ ಬಡಿಯಿರಿ. ಸದ್ದು ಬದಲಾಗುತ್ತದೆ. ಮೊದಲು ಮಂದ, ತಳ ಮುಟ್ಟಿದಾಗ ಗಟ್ಟಿ.

ರೀಬೆ ಅನ್ನುವುದು ಜರ್ಮನಿಯ ರಿಚರ್ಡ್ ಬರ್ಗ್ನರ್ ಕಂಪನಿಯ ಹೆಸರಿನ ಚಿಕ್ಕ ರೂಪ. ಆರು ಹಲ್ಲು. ಆದರೆ ಸ್ಟಾರ್‌ನ ಎಸಳಿನಂತಲ್ಲ, ಗೇರ್ ಚಕ್ರದ ಹಲ್ಲಿನಂತೆ ಅಗಲ, ತುದಿ ಮೊಂಡು. ಯುರೋಪಿನ ಕೆಲವು ಎಂಜಿನ್‌ಗಳ ಹೆಡ್ ಬೋಲ್ಟ್‌ಗಳಲ್ಲಿ ಬರುತ್ತದೆ. ಆರೇ ಹಲ್ಲು ಇರುವುದರಿಂದ ಎಣಿಸಿದರೂ ಮೋಸ ಹೋಗುತ್ತೀರಿ, ಆಕಾರವನ್ನೇ ನೋಡಬೇಕು. ಅಚ್ಚು ತೆಗೆಯುವ ಮೇಣದ ಉಪಾಯ ನಿಜಕ್ಕೂ ಬೆಲೆ ಬಾಳುವುದು ಇಲ್ಲಿ.

ಹೆಡ್ ಬೋಲ್ಟಿನ ವಿಷಯ ಬಂತಲ್ಲ, ಒಂದು ಮಾತು. ಈಗಿನ ಹೆಡ್ ಬೋಲ್ಟುಗಳನ್ನು ಒಂದು ಟಾರ್ಕಿಗೆ ಬಿಗಿದು, ಆಮೇಲೆ 90 ಡಿಗ್ರಿಯಂತೆ ಒಂದೆರಡು ಸಲ ತಿರುಗಿಸುತ್ತಾರೆ. ಕೊನೆಯ 90 ಡಿಗ್ರಿಯಲ್ಲಿ ಬಲ ತೀರಾ ಜಾಸ್ತಿ. ಅಲ್ಲಿ ಬಿಟ್ ಜಾರಿದರೆ ತಲೆಯೂ ಹೋಯಿತು, ಎಷ್ಟು ಡಿಗ್ರಿ ತಿರುಗಿತು ಅನ್ನುವ ಲೆಕ್ಕವೂ ಹೋಯಿತು. ಬಿಚ್ಚುವಾಗ ಜಾರಿದರೆ ಹಳೆಯ ಬೋಲ್ಟ್ ಕೆಡುತ್ತದೆ. ಬಿಗಿಯುವಾಗ ಜಾರಿದರೆ ಹೊಸದು.

ಅಪರೂಪದ ಕೆಲವು

ಡ್ರೈನ್ ಪ್ಲಗ್ ಕೆಲವು ಕಡೆ ಚೌಕ ಗುಳಿಯದು. ರೆನೋ ಕಾರುಗಳ 8 ಮಿ.ಮೀ. ಚೌಕ ಹೆಸರುವಾಸಿ. ಕೆಲವಕ್ಕೆ ಎಕ್ಸ್‌ಟೆನ್ಷನ್ ರಾಡಿನ ಚೌಕ ತುದಿಯನ್ನೇ ನೇರವಾಗಿ ಹಾಕಬಹುದು. ಹೊರಗಿನ ಚೌಕ ತಲೆಗೆ ಎಂಟು ಪಾಯಿಂಟಿನ ಸಾಕೆಟ್ ಇದೆ. ಹನ್ನೆರಡು ಪಾಯಿಂಟಿನದೂ ಚೌಕ ತಲೆಗೆ ಹೋಗಬಹುದು, ಸಡಿಲವಾಗಿ. ಆರು ಪಾಯಿಂಟ್ ಹೋಗುವುದೇ ಇಲ್ಲ.

ಬೈಕಿನ ಕ್ಲಚ್ ಬಿಚ್ಚಿದರೆ ಸುತ್ತ ನಾಲ್ಕು ಕಚ್ಚು ಇರುವ ದುಂಡು ನಟ್ ಸಿಗುತ್ತದೆ. ಅದಕ್ಕೆ ನಾಲ್ಕು ಕಾಲಿನ ಸಾಕೆಟ್. ಉಳಿ, ಸುತ್ತಿಗೆ ಇಟ್ಟು ಹೊಡೆದು ಬಿಚ್ಚುವವರನ್ನು ನೀವೂ ನೋಡಿರುತ್ತೀರಿ. ಆ ಕಚ್ಚುಗಳು ಹರಿದ ನಟ್‌ಗಳನ್ನೂ ನೋಡಿರುತ್ತೀರಿ.

ಆಯಿಲ್ ಫಿಲ್ಟರ್ ಮುಚ್ಚಳ ಪ್ಲಾಸ್ಟಿಕ್ಕಿನದಾದರೆ 27, 32, 36 ಮಿ.ಮೀ.ನ ಗಿಡ್ಡ ಸಾಕೆಟ್ ಕೆಲಸಕ್ಕೆ ಬರುತ್ತದೆ. ಟೊಯೋಟಾದ ಹಲವು ಫಿಲ್ಟರ್ ಮುಚ್ಚಳಕ್ಕೆ 64 ಮಿ.ಮೀ., 14 ಮುಖದ ಬಟ್ಟಲು ಬೇಕು. ಪ್ಲಾಸ್ಟಿಕ್ಕಿಗೆ ಹನ್ನೆರಡು ಪಾಯಿಂಟ್ ಹಾಕಬೇಡಿ. ಆಕ್ಸಿಜನ್ ಸೆನ್ಸರ್‌ಗೆ 22 ಮಿ.ಮೀ., ಪಕ್ಕದಲ್ಲಿ ವೈರ್ ಹೊರಬರಲು ಸೀಳಿರುವ ಸಾಕೆಟ್. ಸೀಳು ಇರುವುದರಿಂದ ಬಲ ಹಾಕಿದಾಗ ಬಾಯಿ ಅಗಲವಾಗುತ್ತದೆ. ಸೆನ್ಸರ್ ಹೇಗೂ ಹೊಸದು ಹಾಕುತ್ತೀರಿ ಅಂದರೆ ವೈರ್ ಕತ್ತರಿಸಿ, ಮಾಮೂಲಿ ಆರು ಪಾಯಿಂಟಿನ ಡೀಪ್ ಸಾಕೆಟ್ ಹಾಕುವುದೇ ವಾಸಿ.

ಹಳೆಯ ಜಪಾನಿ ಬೈಕುಗಳ ಎಂಜಿನ್ ಕವರ್ ಸ್ಕ್ರೂಗಳು ಪ್ಲಸ್ ಗುರುತಿನ ಫಿಲಿಪ್ಸ್ ಥರ ಕಂಡರೂ ಜಪಾನಿನ ಜೆಐಎಸ್ ಮಾದರಿಯವು. ಕೆಲವದರ ತಲೆಯ ಮೇಲೆ ಸಣ್ಣ ಚುಕ್ಕೆ ಇರುತ್ತದೆ. ಫಿಲಿಪ್ಸ್ ಬಿಟ್ ತಳ ಮುಟ್ಟದೆ ಮೇಲೆದ್ದು ಜಾರುತ್ತದೆ. ಜೆಐಎಸ್ ಬಿಟ್ ಹಾಕಿ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್‌ನಿಂದ ಬಿಚ್ಚಿ.

ಎಲ್ಲಕ್ಕೂ ಒಂದೇ ಸಾಕೆಟ್ ಸಾಕಾ?

ಆರು ಮೂಲೆ, ಹನ್ನೆರಡು ಮೂಲೆ, ಹೊರಗಿನ ಸ್ಟಾರ್, ಚೌಕ, ಮೂಲೆ ಸವೆದದ್ದು, ಎಲ್ಲಕ್ಕೂ ಆಗುತ್ತದೆ ಅನ್ನುವ ಸ್ಪ್ಲೈನ್ ಸಾಕೆಟ್ ಸೆಟ್ ಸಿಗುತ್ತದೆ. ಒಳಗೆ ಹನ್ನೆರಡು ದುಂಡು ಏಣು ಇರುತ್ತವೆ. ಕೆಟ್ಟದ್ದೇನಲ್ಲ. ದುಂಡು ಏಣು ಮೂಲೆಗೆ ತಾಗದೆ ಪಕ್ಕವನ್ನು ಒತ್ತುವುದರಿಂದ ಮೂಲೆ ಸವೆದ ಬೋಲ್ಟಿಗೆ ಮಾಮೂಲಿ ಹನ್ನೆರಡು ಪಾಯಿಂಟಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಆದರೆ ಎಲ್ಲರಿಗೂ ಹೊಂದಬೇಕಾದರೆ ಎಲ್ಲರ ಜೊತೆಗೂ ಸ್ವಲ್ಪ ಸಡಿಲ ಇರಲೇಬೇಕು. ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಆಟ ಗೊತ್ತಾಗುತ್ತದೆ. ದಾರಿಯಲ್ಲಿ ಕೆಟ್ಟು ನಿಂತಾಗ ಬೇಕಾಗಬಹುದು ಅಂತ ಗಾಡಿಯಲ್ಲಿಡಲು ಇದು ಒಳ್ಳೆಯದು. ಇ ಸಾಕೆಟ್ ಬದಲಿಗೆ ಇದನ್ನು ತಗೊಳ್ಳುತ್ತೇನೆ ಅಂದರೆ ಬೇಡ ಅನ್ನುತ್ತೇನೆ. ಗುಳಿಯೊಳಗೆ ಹೋಗುವ ನಾಲ್ಕರಲ್ಲಿ ಒಂದಕ್ಕೂ ಇದು ಉಪಯೋಗವಿಲ್ಲ ಅನ್ನುವುದನ್ನೂ ಮರೆಯಬೇಡಿ.

ಸಾಕೆಟ್ಟಿನ ಮೈಕಟ್ಟು

ಆಕಾರ ಸರಿ, ಅಳತೆ ಸರಿ, ಆದರೂ ಜಾರುತ್ತದೆ. ಆಗ ಸಾಕೆಟ್ಟಿನ ಬಾಯಿ ನೋಡಿ. ಬೋಲ್ಟ್ ಸುಲಭವಾಗಿ ಒಳಬರಲಿ ಅಂತ ಬಾಯಿಯ ಅಂಚನ್ನು ಓರೆಯಾಗಿ ಕೆತ್ತಿರುತ್ತಾರೆ. ಆ ಓರೆ ಭಾಗ ಹಿಡಿಯುವುದಿಲ್ಲ. ಬೋಲ್ಟಿನ ತಲೆ ಎತ್ತರ ಇದ್ದರೆ ಪರವಾಗಿಲ್ಲ. ಬೈಕಿನ ಫೋರ್ಕ್ ಕ್ಯಾಪಿನಂಥ ತೆಳು ತಲೆಗೆ ಆ ಎರಡು ಮಿ.ಮೀ. ಅಂದರೆ ಅರ್ಧ ಹಿಡಿತವೇ ಹೋದಂತೆ. ಒಂದು ಹಳೆಯ ಆರು ಪಾಯಿಂಟಿನ ಸಾಕೆಟ್ ತಗೊಂಡು ಬಾಯಿಯನ್ನು ಗ್ರೈಂಡರಿನಲ್ಲಿ ಚಪ್ಪಟೆಯಾಗಿ ಉಜ್ಜಿ, ಓರೆ ಹೋಗುವವರೆಗೆ. ಬಿಸಿಯಾಗದಂತೆ ನಡುನಡುವೆ ನೀರಿಗೆ ಅದ್ದಿ. ನನ್ನ ಬಾಕ್ಸಿನಲ್ಲಿ ಹೀಗೆ ಉಜ್ಜಿದವು ಮೂರಿವೆ. ಹೊಳೆಯುವ ಸೆಟ್‌ಗಿಂತ ಅವೇ ಜಾಸ್ತಿ ಕೆಲಸ ಮಾಡಿವೆ.

ಇಂಪ್ಯಾಕ್ಟ್ ಗನ್ನಿಗೆ ಕಪ್ಪು ಬಣ್ಣದ, ದಪ್ಪ ಗೋಡೆಯ ಸಾಕೆಟ್ಟೇ ಬೇಕು. ಹೊಳೆಯುವ ಕ್ರೋಮ್ ಸಾಕೆಟ್ ಬಡಿತಕ್ಕೆ ಸೀಳಿ ಚೂರು ಹಾರುತ್ತದೆ. ಕಣ್ಣಿಗೆ ಬಿದ್ದರೆ ಗತಿ? ದಪ್ಪ ಸಾಕೆಟ್ಟಿಗೆ ಜಾಗ ಸಾಲದ ಕಡೆ ಗನ್ ಬಿಟ್ಟು ಕೈಯಲ್ಲೇ ಮಾಡಿ.

ಬಿಟ್ ಸಾಕೆಟ್ ಆರಿಸುವಾಗ ಉದ್ದ ನೋಡಿ. ಗಿಡ್ಡ ಬಿಟ್ ಕಮ್ಮಿ ತಿರುಚುತ್ತದೆ, ಗಟ್ಟಿ ಬೋಲ್ಟಿಗೆ ಒಳ್ಳೆಯದು. ಆದರೆ ಹೆಡ್ ಬೋಲ್ಟ್ ಬಾವಿಯ ತಳದಲ್ಲಿದ್ದರೆ ಗಿಡ್ಡ ಬಿಟ್ಟಿನ ಸಾಕೆಟ್ ಬಾವಿಯ ಬಾಯಿಗೇ ತಾಗಿ ನಿಲ್ಲುತ್ತದೆ. ಒಳಗೆ ಬಿಟ್ ಅರ್ಧ ಮಾತ್ರ ಕೂತಿರುತ್ತದೆ, ಮೇಲಿನಿಂದ ನೋಡಿದರೆ ಎಲ್ಲ ಸರಿ ಇರುವಂತೆ ಕಾಣುತ್ತದೆ. ನಾನು ಮಾಡುವುದು ಇಷ್ಟು: ಗುಳಿಯ ಆಳವನ್ನು ವರ್ನಿಯರ್ ಹಿಂಬದಿಯ ಕಡ್ಡಿಯಿಂದ ಅಳೆದು, ಅಷ್ಟೇ ಎತ್ತರಕ್ಕೆ ಬಿಟ್ ಮೇಲೆ ಮಾರ್ಕರಿನಲ್ಲಿ ಗೆರೆ ಹಾಕುತ್ತೇನೆ. ಗೆರೆ ಕಾಣದಾದರೆ ಕೂತಿದೆ ಅಂತ.

ನೇರವಾದ ಎಕ್ಸ್‌ಟೆನ್ಷನ್ ಹಾಕಿದರೆ ಟಾರ್ಕ್ ರೆಂಚಿನ ಲೆಕ್ಕ ತಪ್ಪುತ್ತದಾ ಅಂತ ಕೇಳುವವರಿದ್ದಾರೆ. ಕೈಯಲ್ಲಿ ಬಿಗಿಯುವಾಗ ತಪ್ಪುವುದಿಲ್ಲ. ಹ್ಯಾಂಡಲಿನ ಉದ್ದವನ್ನೇ ಹೆಚ್ಚಿಸುವ, ಪಕ್ಕಕ್ಕೆ ಚಾಚಿದ ಅಡಾಪ್ಟರ್ ಹಾಕಿದರೆ ತಪ್ಪುತ್ತದೆ.

ಯಾವುದನ್ನು ಮೊದಲು ತಗೊಳ್ಳಬೇಕು?

ನನ್ನನ್ನು ಕೇಳಿದರೆ ಮೊದಲು 8ರಿಂದ 19ರವರೆಗೆ ಆರು ಪಾಯಿಂಟಿನ ಒಳ್ಳೆಯ ಮೆಟ್ರಿಕ್ ಸೆಟ್, ನಡುವಿನ ಒಂದು ಸಂಖ್ಯೆಯೂ ಬಿಡದೆ. 11, 16, 18 ಇಲ್ಲದ ಸೆಟ್‌ಗಳು ಬಹಳ. ಆಮೇಲೆ ಟಿ20ಯಿಂದ ಟಿ55ರವರೆಗೆ ಬಿಟ್ ಸಾಕೆಟ್, ಟಿ27 ಇರಲೇಬೇಕು. ಯುರೋಪಿನ ಗಾಡಿಯಾದರೆ ಇ8ರಿಂದ ಇ18, ಟ್ರಿಪಲ್ ಸ್ಕ್ವೇರ್ ಎಂ8, ಎಂ10, ಎಂ12. ಜಪಾನಿನದಾದರೆ ಇವೆರಡರ ಹಣ ಉಳಿಸಿ ಜೆಐಎಸ್ ಬಿಟ್ ತಗೊಳ್ಳಿ. ಹನ್ನೆರಡು ಪಾಯಿಂಟಿನ ಸಾಕೆಟ್ ಬಿಡಿಬಿಡಿಯಾಗಿ, ಬೇಕಾದ ಅಳತೆಯದ್ದು ಮಾತ್ರ. ರೀಬೆ ಬೋಲ್ಟ್ ಎದುರಾಗುವವರೆಗೆ ರೀಬೆ ಬೇಡ. ಆದರೆ ಹೆಡ್ ತೆಗೆಯುವ ಹಿಂದಿನ ದಿನವೇ ಬೋಲ್ಟ್ ನೋಡಿಟ್ಟುಕೊಳ್ಳಿ, ಕೂಲೆಂಟ್ ಇಳಿಸಿದ ಮೇಲಲ್ಲ.

ನೂರು ತುಂಡಿನ ಅಗ್ಗದ ಬಿಟ್ ಡಬ್ಬಿ ಬಗ್ಗೆ ನನಗೆ ನಂಬಿಕೆ ಇಲ್ಲ. ಅದರಲ್ಲಿ ನಿಮಗೆ ಬೇಕಾಗುವುದು ಎಂಟು, ಆ ಎಂಟೂ ಮೆತ್ತಗೆ. ಬಿಟ್ ತಿರುಚಿಕೊಂಡರೆ ಗುಳಿಯ ಅಂಚನ್ನೂ ಎಳೆದುಕೊಂಡೇ ತಿರುಚುತ್ತದೆ.

ತಲೆ ಕೆಟ್ಟ ಮೇಲೆ

ಹೊರಗಿನ ಮೂಲೆ ಸುತ್ತಿದ್ದರೆ ಮೊದಲು ಒಂದು ಕೂದಲೆಳೆ ಚಿಕ್ಕ ಆರು ಪಾಯಿಂಟಿನ ಸಾಕೆಟ್ ಬಡಿದು ಕೂರಿಸಿ. ಇಂಚಿನ ಸೆಟ್ ಉಪಯೋಗಕ್ಕೆ ಬರುವುದು ಇಲ್ಲಿ. ಸವೆದ 13ಕ್ಕೆ 1/2 ಇಂಚು, ಸವೆದ 10ಕ್ಕೆ 3/8 ಇಂಚು, ಅಂದರೆ 9.53 ಮಿ.ಮೀ. ಅದೂ ಆಗದಿದ್ದರೆ ಒಳಗೆ ಸುರುಳಿ ಹಲ್ಲಿರುವ ಎಕ್ಸ್‌ಟ್ರ್ಯಾಕ್ಟರ್ ಸಾಕೆಟ್. ತಿರುಗಿಸಿದಷ್ಟೂ ಕಚ್ಚುತ್ತದೆ. ಬೋಲ್ಟಿನ ತಲೆ ಮಾತ್ರ ಮತ್ತೆ ಯಾವುದಕ್ಕೂ ಬಾರದು.

ಅಲೆನ್ ಗುಳಿ ದುಂಡಾಗಿದ್ದರೆ ಆಗ ಹೇಳಿದ ಜೋಡಿ ನೆನಪು ಮಾಡಿಕೊಳ್ಳಿ. 5ಕ್ಕೆ ಟಿ30, 6ಕ್ಕೆ ಟಿ40, 8ಕ್ಕೆ ಟಿ50. ಚೆನ್ನಾಗಿರುವ ಗುಳಿಗೆ ಹಾಕಬಾರದ ಅದೇ ಬಿಟ್ಟನ್ನು ಕೆಟ್ಟ ಗುಳಿಗೆ ಸುತ್ತಿಗೆಯಿಂದ ಬಡಿದು ಇಳಿಸಿ. ಎಸಳುಗಳು ಸವೆದ ಗೋಡೆಯಲ್ಲಿ ತಮ್ಮ ಜಾಗ ತಾವೇ ಕೆತ್ತಿಕೊಳ್ಳುತ್ತವೆ. ಬಡಿತಕ್ಕೆ ಥ್ರೆಡ್ಡಿನ ತುಕ್ಕೂ ಸಡಿಲವಾಗುತ್ತದೆ. ಇನ್ನೂ ಆಟ ಇದ್ದರೆ ಒಂದು ಅಳತೆ ದೊಡ್ಡದು ಬಡಿಯಿರಿ.

ನನ್ನ ಆ ಎರಡನೇ ಬೋಲ್ಟಿಗೆ ಇದ್ಯಾವುದೂ ಆಗಲಿಲ್ಲ. ಸರಿಯಾದ ಎಂ8 ಬಿಟ್ ತಂದು ಬಡಿದೆ, ಸುಮ್ನೆ ತಿರುಗಿತು. ಕೊನೆಗೆ ಡ್ರಿಲ್ ಹಿಡಿದು ತಲೆಯನ್ನೇ ಕೊರೆದು ತೆಗೆದೆ. ತಲೆ ಕಳಚಿ ಬಿದ್ದ ಮೇಲೆ ಬಿಗಿತ ಹೋಯಿತು. ಉಳಿದ ನಾಲ್ಕು ಬೋಲ್ಟ್ ಕೆರೆದು, ಬಿಟ್ ಕೂರಿಸಿ ಬಿಚ್ಚಿದೆ. ಜಾಯಿಂಟ್ ಎಳೆದಾಗ ಫ್ಲೇಂಜಿನಲ್ಲಿ ಉಳಿದಿದ್ದ ಆ ತುಂಡು ಕೈಗೆ ಸಿಕ್ಕಿತು. ಎರಡು ಬೆರಳಲ್ಲಿ ತಿರುಗಿಸಿದೆ, ಬಂತು.